ತೆಂಗಿನ ನಾಡಿನಲ್ಲಿ ಅಮಾನತ್ತಿನ ಮಾತು

ತುಮಕೂರಿನಿಂದ ಅರಸೀಕೆರೆಯತ್ತ ಹೋಗುವ ರೈಲು ಗುಬ್ಬಿಯನ್ನು ದಾಟಿತೆಂದರೆ ಕಿಟಕಿಯಾಚೆ ತೆಂಗಿನ ತೋಟಗಳ ಸಾಲು ಶುರುವಾಗುತ್ತದೆ. ಸಣ್ಣ ಸಣ್ಣ ನಿಲ್ದಾಣಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ; ತೋಟಗಳು ಮಾತ್ರ ಮುಗಿಯುವುದಿಲ್ಲ. ತುಮಕೂರು ಜಿಲ್ಲೆಯನ್ನು 'ಕಲ್ಪತರು ನಾಡು' ಎಂದು ಕರೆಯುವುದು ಸುಮ್ಮನೆ ಅಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ – ಈ ಮೂರು ತಾಲೂಕುಗಳಲ್ಲಿ ಮಗಳ ಮದುವೆ, ಮಕ್ಕಳ ಫೀಸು, ಆಸ್ಪತ್ರೆಯ ಖರ್ಚು, ಹಬ್ಬದ ಹೊಸ ಬಟ್ಟೆ ಎಲ್ಲವೂ ತೆಂಗಿನ ಮರವನ್ನೇ ನಂಬಿಕೊಂಡಿವೆ. ಹಿಂದೂ ಮನೆಯಾಗಲಿ, ಮುಸ್ಲಿಮ್ ಮನೆಯಾಗಲಿ, ಬೆಳಗ್ಗೆ ಎದ್ದು ಕೇಳುವ ಮೊದಲ ಸುದ್ದಿ ಕೊಬ್ಬರಿಯ ಬೆಲೆ.

ಈ ಸೀಮೆಯ ಕೊಬ್ಬರಿ ಎಂದರೆ ಉಂಡೆ ಕೊಬ್ಬರಿ. ಬೇರೆ ಕಡೆಗಳಲ್ಲಿ ಕಾಯಿಯನ್ನು ಒಡೆದು ಬಿಸಿಲಿಗೆ ಒಣಗಿಸುತ್ತಾರೆ. ಇಲ್ಲಿ ಹಾಗಲ್ಲ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಾಡಿಸಿದರೆ ಗಡಗಡ ಸದ್ದು ಮಾಡುವವರೆಗೆ ಕಾಯಬೇಕು. ಆಮೇಲೆ ಸುಲಿದು, ಚಿಪ್ಪನ್ನು ಜೋಪಾನವಾಗಿ ಒಡೆದು, ಕೊಬ್ಬರಿಯನ್ನು ಇಡಿಯಾಗಿ ಹೊರತೆಗೆಯುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷದ ಸಹನೆ ಅದು. ಅಷ್ಟು ದಿನ ಮನೆಯ ಹೆಂಗಸರೇ ಅಟ್ಟದ ಕಾವಲುಗಾರರು. ಮಳೆನೀರು ಸೋರದಂತೆ, ಇಲಿ ಹೆಗ್ಗಣ ಸೇರದಂತೆ ನೋಡಿಕೊಳ್ಳುವವರು ಅವರೇ.

ತಿಪಟೂರಿನಲ್ಲಿ ನನ್ನ ಅಕ್ಕನ ಮನೆಯಿದೆ. ಆಪಾಳ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಅವಳ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಯಾರಿ ನಡೆದಿತ್ತು. 'ದೇಶದ್ರೋಹವೆಸಗುವ ಸರ್ಕಾರಿ ಅಧಿಕಾರಿಗಳಿಗೆ ಗಲ್ಲುಶಿಕ್ಷೆಯೇ ಸರಿ' ಎಂಬುದು ವಿಷಯ. ಅವಳು ಪರವಾಗಿ ಮಾತಾಡಬೇಕಿತ್ತು. "ಖಾಲಾ, ನೀವು ಮದ್ರಸದಲ್ಲೂ ಓದಿದ್ದೀರಿ, ಬಿ.ಎ.ನೂ ಮಾಡಿದ್ದೀರಿ. ಎರಡೂ ಕಡೆಯಿಂದ ಪಾಯಿಂಟ್ ಕೊಡಿ" ಎಂದಳು. ಅವಳ ನೋಟ್ ಪುಸ್ತಕದಲ್ಲಿ ಆಗಲೇ ಐದಾರು ಸಾಲುಗಳಿದ್ದವು. ಎಲ್ಲದರ ಕೊನೆಗೂ 'ಗಲ್ಲಿಗೇರಿಸಬೇಕು' ಎಂದಿತ್ತು. ನಾನು ಕೇಳಿದೆ: "ಅದಿರಲಿ ಮಗಳೇ, ದೇಶದ್ರೋಹ ಅಂದರೆ ಏನು ಅಂತ ಮೊದಲು ಎಲ್ಲಿ ಬರೆದಿದ್ದೀಯ?" ಅವಳು ಪುಟ ತಿರುವಿ ನೋಡಿದಳು. ಅದನ್ನು ಬರೆದಿರಲಿಲ್ಲ.

ಅವಳೊಬ್ಬಳ ವಿಷಯವಲ್ಲ ಇದು. ನಮ್ಮ ನಾಡಿನಲ್ಲಿ ಈ ಪದ ಬಹಳ ಅಗ್ಗವಾಗಿದೆ. ಆದರೆ ಅದರ ಅರ್ಥವನ್ನು ಹೇಳಿ ಎಂದರೆ ತಡವರಿಸುವವರೇ ಹೆಚ್ಚು. ಅಲ್ಲಿದ್ದ ಮೂರು ದಿನಗಳಲ್ಲಿ ಮೂರು ತಾಲೂಕು ಸುತ್ತಿದೆವು. ಸುತ್ತಿದಷ್ಟೂ ಆ ಪ್ರಶ್ನೆಗೆ ಉತ್ತರ ಪುಸ್ತಕಕ್ಕಿಂತ ನೆಲದಲ್ಲೇ ಹೆಚ್ಚಾಗಿ ಸಿಕ್ಕಿತು.

ಮೊದಲು ತಿಪಟೂರಿನ ಕೃಷಿ ಮಾರುಕಟ್ಟೆಗೆ ಹೋದೆವು. ದೇಶದಲ್ಲೇ ಹೆಸರಾದ ಕೊಬ್ಬರಿ ಮಾರುಕಟ್ಟೆ ಅದು. ಅಂಗಡಿಗಳ ಮುಂದೆ ಚೀಲಗಳ ರಾಶಿ, ಗಾಳಿಯಲ್ಲೆಲ್ಲ ಎಣ್ಣೆಯ ಪರಿಮಳ. ಹಳ್ಳಿಯಿಂದ ಬಂದ ರೈತ ಚೀಲಗಳನ್ನು ಮಂಡಿಯಲ್ಲಿ ಇಳಿಸಿ, ಚೀಟಿ ಬರೆಸಿಕೊಂಡು ಟೀ ಕುಡಿಯಲು ಹೋಗುತ್ತಾನೆ. ವರ್ಷದ ದುಡಿಮೆಯನ್ನು ಒಂದು ಚೀಟಿಯ ಮೇಲೆ ಬಿಟ್ಟು ಹೋಗುವ ಆ ನಂಬಿಕೆಯನ್ನು ನೋಡಿ ನಾನು ಮಗಳಿಗೆ ಹೇಳಿದೆ: "ನಮ್ಮ ದೀನಿನಲ್ಲಿ ಇದಕ್ಕೆ ಅಮಾನತ್ ಎನ್ನುತ್ತಾರೆ. ಇದನ್ನು ಮುರಿದರೆ ಅದು ಖಿಯಾನತ್. ಅಧಿಕಾರಿಯ ಕುರ್ಚಿಯೂ ಇಂಥದ್ದೇ ಒಂದು ಚೀಟಿ. ಜನರು ತಮ್ಮದನ್ನೆಲ್ಲ ಅವನ ಬಳಿ ಇಳಿಸಿ, ನಂಬಿ, ತಮ್ಮ ತಮ್ಮ ಕೆಲಸಕ್ಕೆ ಹೋಗಿರುತ್ತಾರೆ."

ಆ ನಂಬಿಕೆ ಅಲುಗಾಡಿದ ದಿನಗಳೂ ಇಲ್ಲಿ ಇದ್ದವು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಆದರೆ ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಕ್ಕೆ ಕುಸಿದು ರೈತರು ಬೀದಿಗಿಳಿದರು. 2024ಕ್ಕೆ ಬೆಂಬಲ ಬೆಲೆ 12,000 ರೂಪಾಯಿಯಾಯಿತು. ಆ ವರ್ಷದ ಆರಂಭದಲ್ಲಿ ಖರೀದಿಗೆ ನೋಂದಣಿ ಶುರುವಾದಾಗ ಕೆಲವೇ ದಿನಗಳಲ್ಲಿ ನಿಗದಿತ ಪ್ರಮಾಣ ಮುಗಿದುಹೋಯಿತು. ನಿಜವಾದ ರೈತರು ಸಾಲಿನಲ್ಲೇ ಉಳಿದರು, ರೈತರಲ್ಲದವರ ಹೆಸರುಗಳು ಸೇರಿವೆ ಎಂಬ ದೂರು ಎದ್ದಿತು. ಕೊನೆಗೆ ಸರ್ಕಾರ ಆ ನೋಂದಣಿಯನ್ನು ರದ್ದುಪಡಿಸಿ ಹೊಸದಾಗಿ ನೋಂದಣಿ ಮಾಡಿಸಿತು. 2025ರಲ್ಲಿ ಮಾರುಕಟ್ಟೆಯ ಬೆಲೆಯೇ ಇಪ್ಪತ್ತು ಸಾವಿರ ದಾಟಿ ಹೋದಾಗ ಜನ ಆ ಕಷ್ಟವನ್ನು ಸ್ವಲ್ಪ ಮರೆತರು.

"ಇದು ದೇಶದ್ರೋಹವೇ ಖಾಲಾ?" ಎಂದು ಮಗಳು ಕೇಳಿದಳು. ಸಾಲಿನಲ್ಲಿ ನಿಂತ ರೈತನ ಪಾಲನ್ನು ಬೇರೆಯವನಿಗೆ ಬರೆದುಕೊಡುವವನು ಯಾರೇ ಇರಲಿ, ಅವನು ಮಾಡುವುದು ಖಂಡಿತ ಮೋಸ. ಕಾನೂನಿನಲ್ಲಿ ಅದಕ್ಕೆ ಶಿಕ್ಷೆಯಿದೆ, ಆಗಲೂಬೇಕು. ಆದರೆ ಅದನ್ನು ಸರಿಪಡಿಸಲು ಸಾಧ್ಯವಿತ್ತು. ಪಟ್ಟಿಯನ್ನು ಹರಿದು ಹೊಸ ಪಟ್ಟಿ ಬರೆಯಬಹುದಿತ್ತು, ಬರೆದರು. ಎಲ್ಲ ಮೋಸವನ್ನೂ ದೇಶದ್ರೋಹ ಎಂದು ಕರೆದರೆ ದೊಡ್ಡ ದ್ರೋಹ ನಡೆದಾಗ ಕರೆಯಲು ನಮ್ಮ ಬಳಿ ಪದವೇ ಉಳಿಯುವುದಿಲ್ಲ. ಆದ್ದರಿಂದ ಆ ಪದವನ್ನು ಸ್ವಲ್ಪ ಜೋಪಾನವಾಗಿ ಇಟ್ಟುಕೊಳ್ಳೋಣ ಎಂದೆ.

ಮರುದಿನ ತುರುವೇಕೆರೆಗೆ ಹೊರಟೆವು. ಕೆ.ಬಿ. ಕ್ರಾಸ್‌ನಲ್ಲಿ ಬಸ್ ಬದಲಿಸಬೇಕು. ಅಲ್ಲಿಂದ ಒಂದು ದಾರಿ ದಕ್ಷಿಣಕ್ಕೆ ತುರುವೇಕೆರೆಗೆ, ಇನ್ನೊಂದು ಉತ್ತರಕ್ಕೆ ಚಿಕ್ಕನಾಯಕನಹಳ್ಳಿಗೆ ಹೋಗುತ್ತದೆ. ತುರುವೇಕೆರೆ ಹೊಯ್ಸಳರ ಕಾಲದ ಗುಡಿಗಳಿರುವ ಹಳೆಯ ಊರು. ಇಲ್ಲಿನ ಗಂಗಾಧರೇಶ್ವರ ದೇವಾಲಯದ ನಂದಿ ಮಿರಿಮಿರಿ ಮಿಂಚುವ ಕಪ್ಪು ಕಲ್ಲಿನದು. ನುಣುಪಾದ ಕಪ್ಪು ಕಲ್ಲು ಎಂದಾಗ ಮುಸ್ಲಿಮ್ ಮನೆಗಳಲ್ಲಿ ಬೆಳೆದವರಿಗೆ ತಕ್ಷಣ ನೆನಪಾಗುವುದು ಶ್ರೀರಂಗಪಟ್ಟಣದ ಗುಂಬಜ್. ಹೈದರ್ ಅಲಿ, ಫಾತಿಮಾ ಬೇಗಂ ಮತ್ತು ಟಿಪ್ಪು ಸುಲ್ತಾನ್ ಮಲಗಿರುವ ಆ ಕಟ್ಟಡದ ಸುತ್ತಲಿನ ಕಂಬಗಳೂ ಹಾಗೆಯೇ ಕಪ್ಪಾಗಿ ಹೊಳೆಯುತ್ತವೆ. ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿದ್ದ ಮಗಳು ತಾನಾಗಿಯೇ ಮೀರ್ ಸಾದಿಕ್‌ನ ಹೆಸರೆತ್ತಿದಳು.

ಸರ್ಕಾರಿ ಅಧಿಕಾರಿಯ ದ್ರೋಹ ಎಂದರೆ ಕನ್ನಡ ನಾಡಿನ ಜನರ ಬಾಯಲ್ಲಿ ಮೊದಲು ಬರುವುದು ಅದೇ ಹೆಸರು. ಅವನು ಟಿಪ್ಪುವಿನ ದಿವಾನ. 1799ರ ಮೇ 4ರಂದು ಮಧ್ಯಾಹ್ನ ಇಂಗ್ಲಿಷರ ಸೇನೆ ಶ್ರೀರಂಗಪಟ್ಟಣದ ಕೋಟೆಯ ಒಡೆದ ಗೋಡೆಯತ್ತ ನುಗ್ಗುವ ಹೊತ್ತಿಗೆ, ಅಲ್ಲಿ ಕಾವಲಿದ್ದ ಸಿಪಾಯಿಗಳನ್ನು ಸಂಬಳ ಕೊಡುವ ನೆಪದಲ್ಲಿ ಅವನು ಬೇರೆಡೆಗೆ ಕರೆಸಿಕೊಂಡ ಎಂಬುದು ಅವನ ಮೇಲಿನ ಆರೋಪ. ಅವನು ಕತ್ತಿ ಹಿಡಿದು ಸುಲ್ತಾನನ ಮೇಲೆ ಬೀಳಲಿಲ್ಲ. ಕೋಟೆಯ ಬಾಗಿಲನ್ನು ಸ್ವತಃ ತೆರೆಯಲೂ ಇಲ್ಲ. ಕಾವಲು ಇರಬೇಕಾದ ಜಾಗದಲ್ಲಿ ಕಾವಲು ಇಲ್ಲದಂತೆ ನೋಡಿಕೊಂಡ, ಅಷ್ಟೇ. ಅದಕ್ಕೂ ತನ್ನ ಅಧಿಕಾರವನ್ನೇ ಬಳಸಿಕೊಂಡ. ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುವ ನಮ್ಮ ಗಾದೆಗೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಮೀರ್ ಸಾದಿಕ್‌ನಿಗೆ ಸಿಕ್ಕಿದ ಶಿಕ್ಷೆಯ ಕಥೆಯೂ ಎಲ್ಲರಿಗೂ ಗೊತ್ತು. ಅದೇ ದಿನ ಟಿಪ್ಪುವಿನ ಸಿಪಾಯಿಗಳೇ ಅವನನ್ನು ಕೊಂದುಹಾಕಿದರು. 1929ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಕವಿ ಇಕ್ಬಾಲರು 1932ರಲ್ಲಿ ಪ್ರಕಟವಾದ 'ಜಾವೇದ್ ನಾಮಾ'ದಲ್ಲಿ ಬಂಗಾಳದ ಮೀರ್ ಜಾಫರ್‌ನನ್ನೂ ಈ ಮೀರ್ ಸಾದಿಕ್‌ನನ್ನೂ ನರಕವೂ ಒಪ್ಪಿಕೊಳ್ಳದ ಆತ್ಮಗಳ ಸಾಲಿನಲ್ಲಿ ನಿಲ್ಲಿಸಿದರು. ಜನರ ಸಿಟ್ಟು ಅಷ್ಟಿತ್ತು. ಆದರೆ ಒಂದು ಮಾತನ್ನು ಯೋಚಿಸಬೇಕು. ಅವನ ವಿಚಾರಣೆ ಆಗಲಿಲ್ಲ. ಯಾರು ಯಾರು ಸೇರಿದ್ದರು, ಎಷ್ಟು ಹಣ ಕೈ ಬದಲಾಯಿತು, ಆಜ್ಞೆ ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಯಾರೂ ಕೇಳಿ ಬರೆದಿಡಲಿಲ್ಲ. ಅದಕ್ಕೇ ಇಂದಿಗೂ ಚರಿತ್ರೆಕಾರರು ಆ ದಿನದ ವಿವರಗಳ ಬಗ್ಗೆ ವಾದಿಸುತ್ತಲೇ ಇದ್ದಾರೆ. ಸಿಟ್ಟಿನ ಕತ್ತಿ ಒಬ್ಬನನ್ನು ಮುಗಿಸಿತು. ಅವನ ಜೊತೆಗಿದ್ದ ಸತ್ಯವನ್ನೂ ಮುಗಿಸಿತು. ಸಂಚಿನಲ್ಲಿ ಅವನ ಜೊತೆಗೆ ಬೇರೆ ಯಾರಾದರೂ ಇದ್ದಿದ್ದರೆ, ಅವರೆಲ್ಲ ಆ ದಿನವೇ ಪಾರಾದರು.

ತುರುವೇಕೆರೆಯಲ್ಲಿ ನಮ್ಮ ಫುಫಿಯ ಮನೆಯಲ್ಲಿ ಊಟ. ಎಂಬತ್ತರ ಸಮೀಪದ ಫುಫಿಗೆ ಒಂದು ಎಕರೆ ತೋಟವಿದೆ. ಚರ್ಚಾಸ್ಪರ್ಧೆಯ ವಿಷಯ ಕೇಳಿ ಅವರ ಮುಖ ಸಣ್ಣದಾಯಿತು. "ಆ ಮಾತನ್ನೇ ಯಾಕೆ ಎತ್ತುತ್ತೀರಮ್ಮ? ಹೋದ ವರ್ಷ ಕ್ರಿಕೆಟ್ ಮ್ಯಾಚ್ ಆದ ಮರುದಿನ ಮೊಮ್ಮಗ ಶಾಲೆಯಿಂದ ಅಳುತ್ತಾ ಬಂದ. ಜೊತೆಯ ಹುಡುಗರು ಅವನನ್ನು ಹಾಗೆ ಕರೆದರಂತೆ. ಆರನೇ ಕ್ಲಾಸಿನ ಮಗು, ಅವನಿಗೆ ದೇಶ ಅಂದರೆ ಈ ತೋಟ, ಆ ಕೆರೆ, ಅವನ ಸೈಕಲ್. ಅವನು ಯಾರಿಗೆ ದ್ರೋಹ ಮಾಡಿಯಾನು?" ಎಂದರು. ಆ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಫುಫಿಯ ನೋವು ಒಂದು ಮನೆಯದಲ್ಲ. 2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ಅದರಲ್ಲಿ ಬಂದ ಒಂದು ಮಾತಿಗಾಗಿ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ, ಒಬ್ಬ ವಿದ್ಯಾರ್ಥಿನಿಯ ವಿಧವೆ ತಾಯಿಯನ್ನೂ ಜೈಲಿಗೆ ಕಳುಹಿಸಲಾಯಿತು. ಪುಟ್ಟ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ಪ್ರಶ್ನಿಸಿದರು. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯ ಆಡಳಿತದವರ ಮೇಲಿನ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ತಾಯಿ ಜೈಲಿನಲ್ಲಿದ್ದ ರಾತ್ರಿಗಳನ್ನು ಆ ಮಗುವಿಗೆ ಯಾವ ತೀರ್ಪು ಮರಳಿಸೀತು?

ಪದದ ಅರ್ಥ ಸಡಿಲವಾದಾಗ ಹೀಗಾಗುತ್ತದೆ ಎಂಬುದು ಲೋಕಕ್ಕೆ ಹಿಂದಿನಿಂದಲೂ ಗೊತ್ತು. ಇಂಗ್ಲೆಂಡಿನಲ್ಲಿ ರಾಜರು ತಮಗಾಗದವರನ್ನೆಲ್ಲ ದ್ರೋಹಿಗಳೆಂದು ಕರೆಯುತ್ತಿದ್ದರು. ಅದಕ್ಕೆ ಮಿತಿ ಹಾಕಲು 1351ರಲ್ಲೇ ಅಲ್ಲಿ ಕಾಯ್ದೆ ಮಾಡಬೇಕಾಯಿತು. ಅಮೆರಿಕದ ಸಂವಿಧಾನ ಬರೆದವರು ಇನ್ನೂ ಎಚ್ಚರ ವಹಿಸಿದರು. ದೇಶದ ವಿರುದ್ಧ ಯುದ್ಧ ಹೂಡುವುದು ಅಥವಾ ಶತ್ರುವಿಗೆ ನೆರವಾಗುವುದು ಮಾತ್ರ ದೇಶದ್ರೋಹ; ಅದನ್ನೂ ಒಂದೇ ಕೃತ್ಯಕ್ಕೆ ಇಬ್ಬರು ಸಾಕ್ಷಿಗಳು ಹೇಳಬೇಕು ಅಥವಾ ಆರೋಪಿ ತೆರೆದ ನ್ಯಾಯಾಲಯದಲ್ಲಿ ಒಪ್ಪಿಕೊಳ್ಳಬೇಕು ಎಂದು ಸಂವಿಧಾನದಲ್ಲೇ ಬರೆದಿಟ್ಟರು. ನಮ್ಮಲ್ಲಿ ಇಂಗ್ಲಿಷರು ಬಿಟ್ಟುಹೋದ 124ಎ ಕಲಮು ಮಾತನ್ನೇ ಅಪರಾಧವಾಗಿಸಿತ್ತು. ಸುಪ್ರೀಂ ಕೋರ್ಟ್ 2022ರ ಮೇ 11ರಂದು ಅದನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹೆಸರು ಇಲ್ಲ. ಆದರೆ ಅದರ ಜಾಗದಲ್ಲಿ 152ನೇ ಕಲಮು ಬಂದಿದೆ. ಅದರ ಪದಗಳೂ ಸಾಕಷ್ಟು ಅಗಲವಾಗಿವೆ.

ಮೂರನೆಯ ದಿನ ಚಿಕ್ಕನಾಯಕನಹಳ್ಳಿ. ಊರು ಸಮೀಪಿಸುತ್ತಿದ್ದಂತೆ ತೆಂಗಿನ ಗರಿಗಳ ಹಿಂದೆ ಗುಡ್ಡಗಳ ಸಾಲು ಏಳುತ್ತದೆ. ಆ ಗುಡ್ಡಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿದೆ. ಕೆಲವು ಕಡೆ ಹಸಿರು ಹೊದಿಕೆ ಹರಿದು ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ರಸ್ತೆ ಬದಿಯ ತೋಟದಲ್ಲಿ ಎಳನೀರು ಕೊಟ್ಟ ರೈತ ಮಹಿಳೆಯನ್ನು ಮಾತಿಗೆಳೆದೆ. "ಆಗ ನೋಡ್ಬೇಕಿತ್ತು ಮೇಡಂ, ಲಾರಿ ಸಾಲು ಶುರುವಾದ್ರೆ ರಸ್ತೆ ದಾಟಕ್ಕೇ ಆಗ್ತಿರ್ಲಿಲ್ಲ. ಗರಿ ಮೇಲೆಲ್ಲ ಕೆಂಪು ದೂಳು. ಒಗೆದ ಬಟ್ಟೆ ಹೊರಗೆ ಹಾಕಂಗಿರ್ಲಿಲ್ಲ. ಮಕ್ಳಿಗೆ ಕೆಮ್ಮು. ಹರಳು ಸಣ್ಣದಾಗಿ ಉದುರೋವು. ಯಾರನ್ನ ಕೇಳ್ತೀರ? ಕೇಳ್ಬೇಕಾದೋರೇ ಲಾರಿ ಮುಂದೆ ಜೀಪಲ್ಲಿ ಹೋಗೋರು" ಎಂದು ಆಕೆ ನಕ್ಕರು. ಆ ನಗುವಿನಲ್ಲಿ ಸಂತೋಷವಿರಲಿಲ್ಲ.

ಬಳ್ಳಾರಿಯ ಗಣಿ ಹಗರಣದ ಬಗ್ಗೆ ಎಲ್ಲರೂ ಕೇಳಿದ್ದೇವೆ. ಅದರ ಜೊತೆಗೆ ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಹೆಸರೂ ಇದ್ದದ್ದನ್ನು ಮರೆಯುತ್ತೇವೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರ್‌ನಲ್ಲಿ ಒಂದು ವರದಿಯನ್ನೂ, 2011ರ ಜುಲೈ 27ರಂದು ಎರಡನೆಯ ವರದಿಯನ್ನೂ ಕೊಟ್ಟರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಅದಕ್ಕಾಗಿ ದಾಖಲೆಗಳನ್ನು ಜಾಲಾಡಿತ್ತು. ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ವರದಿ ಅಂದಾಜಿಸಿತು. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗಗಳಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಅತಿ ಹೆಚ್ಚು ಅಕ್ರಮ ಕಂಡುಬಂದ 'ಸಿ' ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದುಪಡಿಸಿತು.

ಗಣಿಯ ಮಾಲೀಕ ಆಸೆಬುರುಕನಾಗಿರಬಹುದು. ಆದರೆ ಅವನೊಬ್ಬನಿಂದ ಗುಡ್ಡ ಲಾರಿ ಹತ್ತುವುದಿಲ್ಲ. ಗುತ್ತಿಗೆಯ ಗಡಿ ದಾಟಿ ಅಗೆದಾಗ ಅಳತೆ ಮಾಡದ ಸರ್ವೆಯವನು ಬೇಕು. ಪರ್ಮಿಟ್ ಇಲ್ಲದ ಅದಿರಿಗೆ ಸಹಿ ಹಾಕುವವನು ಬೇಕು. ಹತ್ತು ಟನ್ನಿನ ಚೀಟಿಯಲ್ಲಿ ಇಪ್ಪತ್ತು ಟನ್ ಹೊತ್ತ ಲಾರಿಗೆ ಗೇಟು ಎತ್ತುವವನು ಬೇಕು. ಗಣಿ, ಅರಣ್ಯ, ಕಂದಾಯ, ಸಾರಿಗೆ, ಬಂದರು – ಈ ಸರಪಳಿಯ ಎಲ್ಲ ಕೊಂಡಿಗಳೂ ಒಟ್ಟಿಗೆ ಕಣ್ಣು ಮುಚ್ಚಬೇಕು. ಲೋಕಾಯುಕ್ತ ವರದಿಯಲ್ಲಿ ನೂರಾರು ಅಧಿಕಾರಿಗಳ ಹೆಸರು ಬಂದದ್ದು ಇದಕ್ಕಾಗಿಯೇ. ಮಗಳು ಆ ಗುಡ್ಡವನ್ನು ನೋಡುತ್ತಾ ಮೆಲ್ಲಗೆ ಹೇಳಿದಳು: "ಒಬ್ಬ ಮೀರ್ ಸಾದಿಕ್ ಅಲ್ಲ ಖಾಲಾ, ಒಂದು ಆಫೀಸಿನ ತುಂಬ ಮೀರ್ ಸಾದಿಕ್‌ಗಳು."

ಸರಿಯಾಗಿ ಕಾವಲು ಕಾದವರೂ ಇದ್ದರು ಎಂಬುದನ್ನು ಅವಳಿಗೆ ಹೇಳಬೇಕಾಯಿತು. 2010ರ ಮಾರ್ಚ್‌ನಲ್ಲಿ ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಲ್ಲಿ ಲಕ್ಷಾಂತರ ಟನ್ ಅಕ್ರಮ ಅದಿರನ್ನು ವಶಪಡಿಸಿಕೊಳ್ಳಲಾಯಿತು. ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಆ ಕೆಲಸದಲ್ಲಿ ಮುಂದಿದ್ದರು. ಸರ್ಕಾರದ ವಶದಲ್ಲಿದ್ದ ಆ ರಾಶಿಯಲ್ಲಿ ಹೆಚ್ಚಿನ ಪಾಲು ನಂತರ ಬಂದರಿನಿಂದಲೇ ಮಾಯವಾಯಿತು. ಅಮಾನತಾದದ್ದು ಮಾತ್ರ ಗೋಕುಲ್! ಅದನ್ನು ಪ್ರತಿಭಟಿಸಿ ಲೋಕಾಯುಕ್ತರೇ 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಹಿಂತೆಗೆದುಕೊಂಡರು. ಆ ಮೊಕದ್ದಮೆಯಲ್ಲಿ ಒಬ್ಬ ಬಂದರು ಅಧಿಕಾರಿಗೂ ಒಬ್ಬ ಶಾಸಕರಿಗೂ ಇತರರಿಗೂ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಮುಂದಿನ ತಿಂಗಳೇ ಹೈಕೋರ್ಟ್ ಮೇಲ್ಮನವಿಯಲ್ಲಿ ಆ ಶಿಕ್ಷೆಯನ್ನು ತಡೆಹಿಡಿಯಿತು. ಅದಿರು ಮಾಯವಾಗಲು ಕೆಲವು ವಾರ ಸಾಕಾಯಿತು. ಮೊದಲ ತೀರ್ಪಿಗೆ ಹದಿನಾಲ್ಕು ವರ್ಷ ಬೇಕಾಯಿತು.

ಹಾಗಾದರೆ ಅಧಿಕಾರಿಯ ದೇಶದ್ರೋಹ ಎಂದರೇನು? ನನಗೆ ತೋಚಿದ್ದನ್ನು ಮಗಳ ನೋಟ್ ಪುಸ್ತಕದಲ್ಲಿ ನಾಲ್ಕು ಪ್ರಶ್ನೆಗಳಾಗಿ ಬರೆಸಿದೆ. ಒಂದು, ಆ ವಸ್ತು ಅಥವಾ ರಹಸ್ಯ ಜನರ ಪರವಾಗಿ ಅವನ ವಶಕ್ಕೆ ಕೊಟ್ಟದ್ದೇ? ಎರಡು, ಅವನು ತಿಳಿದೂ ತಿಳಿದೂ ಅದನ್ನು ಬಿಟ್ಟುಕೊಟ್ಟನೇ? ಮೂರು, ಯಾರಿಂದ ಕಾಪಾಡಬೇಕಿತ್ತೋ ಅವರಿಗೇ ಒಪ್ಪಿಸಿದನೇ? ನಾಲ್ಕು, ಅದರಿಂದ ಇಡೀ ಜನರಿಗೆ ಮರಳಿ ತುಂಬಿಕೊಡಲಾಗದ ಹಾನಿಯಾಯಿತೇ? ನಾಲ್ಕಕ್ಕೂ ಹೌದು ಎಂದಾದರೆ ಅದು ದ್ರೋಹ. ಸೇನೆಯ ರಹಸ್ಯವನ್ನು ಶತ್ರುವಿಗೆ ಮಾರಿದವನೂ ಇದರಲ್ಲಿ ಬರುತ್ತಾನೆ. ಗುಡ್ಡವನ್ನೂ ಅಂತರ್ಜಲವನ್ನೂ ಮಾರಿದವನೂ ಬರುತ್ತಾನೆ. ಹರಿದ ಪಟ್ಟಿಯನ್ನು ಮತ್ತೆ ಬರೆಯಬಹುದು. ಕರಗಿದ ಗುಡ್ಡವನ್ನು ಮತ್ತೆ ನಿಲ್ಲಿಸಲು ಯಾವ ಸರ್ಕಾರದಿಂದಲೂ ಆಗದು. ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆ 24,000 ಕೋಟಿ ರೂಪಾಯಿಗೂ ಮೀರಿದ ಯೋಜನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಅದರಿಂದ ರಸ್ತೆ, ಶಾಲೆ, ಆಸ್ಪತ್ರೆ ಬರಬಹುದು. ಗುಡ್ಡ ಬಾರದು.

ಮಾತು, ನಾಟಕ, ಪ್ರತಿಭಟನೆ, ಸರ್ಕಾರದ ಟೀಕೆ – ಇವು ಆ ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದನ್ನೇ ದಾಟಲಾರವು. ಬೀದರ್‌ನ ಆ ತಾಯಿಯ ವಶಕ್ಕೆ ದೇಶ ಏನನ್ನು ಒಪ್ಪಿಸಿತ್ತು? ಒಬ್ಬ ಮಗಳನ್ನು ಮಾತ್ರ. ಅವಳನ್ನು ಆಕೆ ಓದಿಸುತ್ತಿದ್ದರು.

ಎರಡನೆಯ ಪ್ರಶ್ನೆಯ ಬೇರು ಪವಿತ್ರ ಕುರ್‌ಆನ್‌ನಲ್ಲಿದೆ. ಅನ್ಫಾಲ್ ಅಧ್ಯಾಯದ 27ನೆಯ ಸೂಕ್ತದಲ್ಲಿ ಅಲ್ಲಾಹನಿಗೂ ರಸೂಲರಿಗೂ ವಂಚಿಸುವುದನ್ನು ನಿಷೇಧಿಸಿದ ಬೆನ್ನಿಗೇ, ತಿಳಿದೂ ಅಮಾನತ್ತುಗಳಲ್ಲಿ ವಂಚಿಸುವುದನ್ನೂ ನಿಷೇಧಿಸಲಾಗಿದೆ. ಸಾರ್ವಜನಿಕ ಸೊತ್ತಿನಲ್ಲಿ ಕದ್ದಿಟ್ಟುಕೊಳ್ಳುವುದಕ್ಕೆ 'ಗುಲೂಲ್' ಎಂಬ ಬೇರೆಯೇ ಹೆಸರಿದೆ. ಹಾಗೆ ಬಚ್ಚಿಟ್ಟವನು ಅದನ್ನು ಹೊತ್ತುಕೊಂಡೇ ಪುನರುತ್ಥಾನದ ದಿನ ಬರುವನೆಂದು ಆಲಿ ಇಮ್ರಾನ್ ಅಧ್ಯಾಯದ 161ನೆಯ ಸೂಕ್ತ ಎಚ್ಚರಿಸುತ್ತದೆ. ಗುಡ್ಡವನ್ನು ನುಂಗಿದವನು ಏನನ್ನು ಹೊತ್ತು ಬರಬೇಕಾದೀತು ಎಂದು ಯೋಚಿಸಿದರೆ ಮೈ ನಡುಗುತ್ತದೆ.

ಇನ್ನು ಶಿಕ್ಷೆ. ಪ್ರವಾದಿ(ಸ)ರ ಕಾಲದಲ್ಲೇ ಇದಕ್ಕೆ ಒಂದು ಪ್ರಸಂಗವಿದೆ. ಹಿಜರಿ 8ರಲ್ಲಿ ಮಕ್ಕಾದ ಕಡೆಗೆ ಹೊರಡುವ ಸಿದ್ಧತೆಯನ್ನು ಗುಟ್ಟಾಗಿಡಲಾಗಿತ್ತು. ಹಾತಿಬ್ ಬಿನ್ ಅಬೀ ಬಲ್ತಅ(ರ) ಎಂಬ ಸಹಾಬಿ ಆ ಸುದ್ದಿಯನ್ನು ಪತ್ರದಲ್ಲಿ ಬರೆದು ಒಬ್ಬ ಮಹಿಳೆಯ ಮೂಲಕ ಮಕ್ಕಾಕ್ಕೆ ಕಳುಹಿಸಿದರು. ಪತ್ರ ಸಿಕ್ಕಿಬಿತ್ತು. ಯುದ್ಧರಹಸ್ಯ ಹೊರಬಿದ್ದ ಪ್ರಕರಣ ಅದು. ಹ. ಉಮರ್(ರ) ಅವರ ತಲೆ ಕಡಿಯಲು ಅನುಮತಿ ಕೇಳಿದರು. ಪ್ರವಾದಿ(ಸ) ಮೊದಲು ಮಾಡಿದ ಕೆಲಸವೆಂದರೆ ಹಾತಿಬ್‌ರನ್ನು ಎದುರಿಗೆ ಕರೆದು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ್ದು. ಮಕ್ಕಾದಲ್ಲಿ ಉಳಿದಿದ್ದ ತನ್ನ ಕುಟುಂಬವನ್ನು ಕಾಪಾಡಲು ಹಾಗೆ ಮಾಡಿದೆ, ಧರ್ಮವನ್ನು ತೊರೆದು ಅಲ್ಲ ಎಂದು ಅವರು ನಿಜ ಹೇಳಿದರು. ಬದ್ರ್‌ನಲ್ಲಿ ಹೋರಾಡಿದ ಅವರ ಹಿಂದಿನ ಸೇವೆಯನ್ನೂ ನೆನೆದು ಅವರನ್ನು ಕ್ಷಮಿಸಲಾಯಿತು. ತಪ್ಪು ತಪ್ಪೇ ಎಂದು ಮುಮ್ತಹಿನ ಅಧ್ಯಾಯದ ಆರಂಭದಲ್ಲೇ ಎಚ್ಚರಿಕೆಯೂ ಬಂತು. ಕೇಳದೆ ಕತ್ತಿ ಎತ್ತಬಾರದು ಎಂಬುದು ಇದರ ಪಾಠ. ಶ್ರೀರಂಗಪಟ್ಟಣದಲ್ಲಿ ಆಗದೆ ಹೋದದ್ದು ಇದೇ.

ಮಗಳು ಪಟ್ಟುಬಿಡಲಿಲ್ಲ. "ಹಾಗಾದರೆ ಎಲ್ಲರನ್ನೂ ಕ್ಷಮಿಸೋದಾ?" ಖಂಡಿತ ಅಲ್ಲ. ಕಾನೂನಿನಲ್ಲಿ ಶಿಕ್ಷೆ ಕಡಿಮೆಯೇನಿಲ್ಲ. ಸರ್ಕಾರಿ ನೌಕರ ಮಾಡುವ ನಂಬಿಕೆದ್ರೋಹಕ್ಕೆ ಹಳೆಯ ದಂಡಸಂಹಿತೆಯ 409ನೇ ಕಲಮಿನಲ್ಲೂ, ಹೊಸ ಸಂಹಿತೆಯ 316(5)ರಲ್ಲೂ ಜೀವಾವಧಿಯವರೆಗೆ ಶಿಕ್ಷೆ ಕೊಡಬಹುದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯೂ ಇದೆ. ಆದರೆ ಮೊಕದ್ದಮೆಗೆ ಸರ್ಕಾರದ ಮಂಜೂರಾತಿ ಬೇಕು. 2018ರ ತಿದ್ದುಪಡಿ ಸೇರಿಸಿದ 17ಎ ಕಲಮಿನಂತೆ, ಅಧಿಕಾರಿಯ ತೀರ್ಮಾನಗಳ ಬಗ್ಗೆ ತನಿಖೆ ಶುರುಮಾಡಲೂ ಮುಂಚಿತ ಒಪ್ಪಿಗೆ ಬೇಕು. ಪ್ರಾಮಾಣಿಕ ಅಧಿಕಾರಿಗೆ ಸುಳ್ಳು ದೂರುಗಳಿಂದ ರಕ್ಷಣೆ ಬೇಕೆಂಬುದು ನಿಜವೇ. ಆದರೆ ಆ ಕೊಡೆಯ ಕೆಳಗೆ ಅಪ್ರಾಮಾಣಿಕನೂ ನಿಲ್ಲುತ್ತಾನೆ. ಆದ್ದರಿಂದ ಶಿಕ್ಷೆಯನ್ನು ಗಲ್ಲಿನವರೆಗೆ ಏರಿಸುವುದಕ್ಕಿಂತ, ಇಂತಿಷ್ಟು ತಿಂಗಳೊಳಗೆ ಮಂಜೂರಾತಿ, ಇಂತಿಷ್ಟು ವರ್ಷದೊಳಗೆ ತೀರ್ಪು ಎಂಬುದನ್ನು ಗಟ್ಟಿಮಾಡಬೇಕು. ನುಂಗಿದ್ದನ್ನು ಪೂರ್ತಿ ಕಕ್ಕಿಸಬೇಕು. ಮತ್ತೆಂದೂ ಸರ್ಕಾರದ ಕುರ್ಚಿ ಸಿಗಬಾರದು. ಮೇಲಿನವನು ಮಾಡಿದ್ದಕ್ಕೆ ಗೇಟು ಎತ್ತಿದ ಗಾರ್ಡ್ ಒಬ್ಬನೇ ಜೈಲಿಗೆ ಹೋಗಬಾರದು. ಗಣ್ಯರು ಕದ್ದರೆ ಬಿಟ್ಟು, ದುರ್ಬಲರು ಕದ್ದರೆ ದಂಡಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವು ಎಂದು ಪ್ರವಾದಿ(ಸ) ಎಚ್ಚರಿಸಿದ್ದು ಬುಖಾರಿಯಲ್ಲಿದೆ.

ಇನ್ನೊಂದು ಮಾತೂ ಇದೆ. ನ್ಯಾಯ ಕೇಳುವಾಗ ಅವನು ನಮ್ಮವನೇ, ಅವರವನೇ ಎಂದು ನೋಡಬಾರದು. ಮದೀನಾದಲ್ಲಿ ಒಬ್ಬ ಮುಸ್ಲಿಮನು ಕದ್ದು, ಅದರ ಅಪವಾದವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ. ಅವನ ಕಡೆಯವರು ಅವನ ಪರ ವಾದಿಸಲು ಬಂದರು. ಆಗಲೇ ನಿಸಾ ಅಧ್ಯಾಯದ 105ನೆಯ ಸೂಕ್ತ ಇಳಿದು, ವಂಚಕರ ಪರ ವಕೀಲಿಕೆ ಮಾಡಬಾರದೆಂದು ತಿಳಿಸಿತು. ಯಹೂದಿ ನಿರ್ದೋಷಿಯಾದ ಎಂದು ವ್ಯಾಖ್ಯಾನಕಾರರು ಬರೆಯುತ್ತಾರೆ. ತನ್ನ ಸಮುದಾಯದ ಕಳ್ಳನನ್ನು ಕಳ್ಳ ಎನ್ನಲಾರದವನಿಗೆ, ತನ್ನ ಮಗುವನ್ನು ದ್ರೋಹಿ ಎಂದವರನ್ನು ಪ್ರಶ್ನಿಸುವ ನೈತಿಕ ಬಲ ಎಲ್ಲಿಂದ ಬಂದೀತು?

ಓದುಗ ಸಹೋದರಿಯರೇ, ಕಾನೂನು, ನ್ಯಾಯಾಲಯಗಳೆಲ್ಲ ದ್ರೋಹ ನಡೆದ ಮೇಲೆ ಬರುತ್ತವೆ. ಅದಕ್ಕೂ ಮೊದಲು ಬರುವುದು ಮನೆ. ಝಕಾತ್ ಸಂಗ್ರಹಿಸಲು ಹೋಗಿದ್ದ ಒಬ್ಬ ಅಧಿಕಾರಿ ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆಯಾಗಿ ಬಂದದ್ದು ಎಂದಾಗ ಪ್ರವಾದಿ(ಸ) ಮಿಂಬರ್ ಏರಿ, ಅವನು ತನ್ನ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಎಲ್ಲರೆದುರು ಕೇಳಿದರು. ಹ. ಉಮರ್(ರ) ಅಧಿಕಾರಿಯನ್ನು ನೇಮಿಸುವ ದಿನವೇ ಅವನ ಆಸ್ತಿಯನ್ನು ಬರೆಸಿಡುತ್ತಿದ್ದರು. ದೂರು ಬಂದರೆ ವಿಚಾರಿಸಲು ಮುಹಮ್ಮದ್ ಬಿನ್ ಮಸ್ಲಮ(ರ)ರನ್ನು ಕಳುಹಿಸುತ್ತಿದ್ದರು. ನಮ್ಮ ಸರ್ಕಾರಿ ನೌಕರರೂ ವರ್ಷಕ್ಕೊಮ್ಮೆ ಆಸ್ತಿ ವಿವರ ಬರೆದು ಕೊಡುತ್ತಾರೆ. ಆದರೆ ಆ ಕಾಗದಕ್ಕಿಂತ ಮುಂಚೆ ನೋಡುವ ಕಣ್ಣು ಹೆಂಡತಿಯದು, ತಾಯಿಯದು. ಸಂಬಳ ಎಷ್ಟೆಂದು ಅವರಿಗೆ ಗೊತ್ತು. ಆ ಸಂಬಳದಲ್ಲಿ ಈ ಬಳೆ ಬರುತ್ತದೆಯೋ ಇಲ್ಲವೋ ಎಂಬುದೂ ಗೊತ್ತು. ಕೈಗೆ ತೊಡುವ ಮುಂಚೆ 'ಇದು ಎಲ್ಲಿಂದ ಬಂತು?' ಎಂದು ಒಮ್ಮೆ ಕೇಳಿದರೆ ಸಾಕು, ಎಷ್ಟೋ ಗೇಟುಗಳು ಏಳದೆ ಉಳಿಯುತ್ತವೆ.

ಈ ಸೀಮೆಯ ಹೆಂಗಸರು ತಿಂಗಳುಗಟ್ಟಲೆ ಅಟ್ಟವನ್ನು ಕಾಯುತ್ತಾರೆ. ಒಂದು ಕಾಯಿ ಕೆಟ್ಟರೂ ಅಲುಗಾಡಿಸಿದ ಸದ್ದಿನಿಂದಲೇ ಅವರಿಗೆ ತಿಳಿಯುತ್ತದೆ. ಮನೆಯೊಳಗೆ ಬರುವ ಹಣದ ಸದ್ದನ್ನೂ ಹಾಗೆಯೇ ಕಿವಿಗೊಟ್ಟು ಕೇಳುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಅಮಾನತ್ತನ್ನು ಕಾಯುವವರನ್ನು ಅವನು ಕಾಯಲಿ. ಆಮೀನ್.